ಹ್ಯೂಗೆನೋ ಪೂರ್ವಜರ ಜಾಡು ಹಿಡಿಯುವ ಬಗೆ

1685ರಲ್ಲಿ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟೆಂಟರಿಗೆ ಆರಾಧನೆಯ ಹಕ್ಕು ಕೊಟ್ಟಿದ್ದ ನಾಂಟ್ ಶಾಸನವನ್ನು ರದ್ದುಪಡಿಸಿದಾಗ ಫ್ರಾನ್ಸ್ ತೊರೆದ ಹ್ಯೂಗೆನೋ ಎಂಬ ಫ್ರೆಂಚ್ ಪ್ರಾಟೆಸ್ಟೆಂಟರ ವಂಶವನ್ನು ಹುಡುಕುವವರು ಕಾಗದಪತ್ರಗಳಿಂದಲೇ ಆರಂಭಿಸಬೇಕು; ಡಿಎನ್ಎ ಪರೀಕ್ಷೆಯ ಸರದಿ ಆಮೇಲೆ. ಒಂದೊಂದೇ ತಲೆಮಾರನ್ನು ದಾಖಲೆಗಳಿಂದ ಖಚಿತಪಡಿಸಿಕೊಳ್ಳುತ್ತ ಹಿಂದಕ್ಕೆ ಸಾಗಿ, ವಲಸಿಗರು ನೆಲೆನಿಂತ ಊರಿನ ಫ್ರೆಂಚ್ ಚರ್ಚಿನ ದೀಕ್ಷಾಸ್ನಾನ ಹಾಗೂ ವಿವಾಹದ ರಿಜಿಸ್ಟರುಗಳನ್ನು ನೋಡಿ. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯ ಚರ್ಚಿನ ರಿಜಿಸ್ಟರುಗಳನ್ನು, 1885ರಲ್ಲಿ ಸ್ಥಾಪನೆಯಾದ ಹ್ಯೂಗೆನೋ ಸೊಸೈಟಿ ಅಚ್ಚು ಹಾಕಿಸಿದೆ. ಹೆಸರನ್ನೇ ನೆಚ್ಚಿಕೊಳ್ಳಬೇಡಿ: ಲ ಬ್ಲಾಂ (ಫ್ರೆಂಚಿನಲ್ಲಿ ‘ಬಿಳಿ’) ಮನೆತನ ಇಂಗ್ಲೆಂಡಿನಲ್ಲಿ ವೈಟ್ ಆಗಿರಬಹುದು, ಫ್ರೆಂಚ್ ಧ್ವನಿಯ ಹೆಸರುಗಳನ್ನು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರೂ ತಂದಿದ್ದರು.

ಯಾವ ಡಿಎನ್ಎ ಪರೀಕ್ಷೆಯೂ ಪೂರ್ವಜರ ಧರ್ಮವನ್ನು ಹೇಳದು. ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರುವ ವರ್ಣತಂತುಗಳನ್ನು ನೋಡುವ, ಜನಪ್ರಿಯವಾದ ಆಟೋಸೋಮಲ್ ಪರೀಕ್ಷೆ ಇಲ್ಲಿ ದುರ್ಬಲ ಸಾಕ್ಷಿಯೇ ಸರಿ: ಹತ್ತು ತಲೆಮಾರಿನ ಹಿಂದಿನ ಒಬ್ಬ ಪೂರ್ವಜನಿಂದ ನಿಮಗೆ ಬಂದಿರುವ ಡಿಎನ್ಎಯ ಪಾಲು ಸರಾಸರಿ 1024ರಲ್ಲಿ ಒಂದು, ಎಷ್ಟೋ ವೇಳೆ ಸೊನ್ನೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಸಾಮಾನ್ಯವಾಗಿ ಕುಲನಾಮದ ಹಾದಿಯಲ್ಲೇ ಸಾಗುವುದರಿಂದ, ದಕ್ಷಿಣ ಆಫ್ರಿಕಾದ ಡಿವಿಲಿಯರ್ಸ್, ಡು ಪ್ಲೆಸಿ ಮುಂತಾದ ಹ್ಯೂಗೆನೋ ಮನೆತನಗಳಲ್ಲಿ (ಬೆಂಗಳೂರಿನ ಕ್ರಿಕೆಟ್ ಪ್ರೇಮಿಗಳಿಗೆ ಈ ಹೆಸರುಗಳು ಹೊಸವೇನಲ್ಲ) ಗಂಡುಸಂತತಿಯ ಇಬ್ಬರು ದೂರದ ದಾಯಾದಿಗಳ ಫಲಿತಾಂಶವನ್ನು ಹೋಲಿಸುವುದು ಹೆಚ್ಚು ಫಲಕಾರಿ. ಫ್ರಾನ್ಸಿನಲ್ಲಿ ವಂಶಶೋಧನೆಯ ಡಿಎನ್ಎ ಪರೀಕ್ಷೆಗೆ ಕಾನೂನಿನ ನಿಷೇಧವಿರುವುದರಿಂದ, ಮೂಲ ಊರಿನಲ್ಲೇ ಉಳಿದ ಬಂಧುಗಳು ಪರೀಕ್ಷಾ ಕಂಪನಿಗಳು ಕೊಡುವ ಡಿಎನ್ಎ ಹೊಂದಾಣಿಕೆಯ ಪಟ್ಟಿಗಳಲ್ಲಿ ಸಿಗುವುದು ಅಪರೂಪ.