ನಲವತ್ತರ ಮೇಲೆ ಶೆಟ್ಲಿ ಆಗದೇ ಹೋದರೆ
ಕಾರವಾರದಲ್ಲಿ ಹುಟ್ಟಿ ಬೆಳೆದವಳು ನಾನು. ನಲವತ್ತೆರಡು ವರ್ಷ ಶೆಟ್ಲಿ, ಅಂದರೆ ಸಿಗಡಿ, ತಿಂದಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮುಗಿಸಿದ ಅರ್ಧ ಗಂಟೆಗೆ ತುಟಿ ಊದಿತು, ಮೈಯೆಲ್ಲ ದದ್ದು. ಖಾರ ಜಾಸ್ತಿ ಆಯ್ತು ಅಂತ ಸುಮ್ನೆ ಕೂತೆ. ಅದೇ ತಪ್ಪು.

ದೊಡ್ಡವರಾದ ಮೇಲೆ ಹೊಸದಾಗಿ ಶುರುವಾಗುವ ಆಹಾರದ ಅಲರ್ಜಿಗಳಲ್ಲಿ ಸಿಗಡಿ, ಏಡಿಯದ್ದೇ ಮುಂದು. ಹೆಚ್ಚಾಗಿ ಕಾರಣ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಕೆಲವರಿಗೆ ಬೇಯಿಸುವ ಹಬೆಯೂ ಸಾಕು. ಒಣ ಶೆಟ್ಲಿ ಚಟ್ನಿಯೂ ಬೇಡ, ಮರೆಯಬೇಡಿ! ಮೀನು ಹುರಿದ ಎಣ್ಣೆಯಲ್ಲೇ ಸಿಗಡಿಯನ್ನೂ ಹುರಿಯುತ್ತಾರಾ ಅಂತ ಹೋಟೆಲಿನಲ್ಲಿ ಕೇಳಿ.

ಮೀನಿನ ಅಲರ್ಜಿ ಬೇರೆ, ಸಿಗಡಿಯದ್ದು ಬೇರೆ. ನನಗೆ ಇಸವಾಣ ಮೀನು ಈಗಲೂ ಆಗುತ್ತದೆ, ಪುಣ್ಯ. ಇನ್ನೊಂದು ವಿಷಯ. ಐಸ್ ಇಲ್ಲದೆ ಬಿಸಿಲಲ್ಲಿ ಕೂತ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸೇರಿಕೊಳ್ಳುತ್ತದೆ. ತಿಂದವರ ಮುಖ ಕೆಂಪಾಗುತ್ತದೆ, ತುರಿಕೆ ಬರುತ್ತದೆ. ನೋಡಲು ಅಲರ್ಜಿ ಥರವೇ, ಆದರೆ ಅಲ್ಲ. ಹಾಗಾಗಿ ಏನು ತಿಂದಿರಿ, ಎಷ್ಟು ಹೊತ್ತಿಗೆ ಏನಾಯಿತು ಅಂತ ಬರೆದಿಡಿ. ದದ್ದಿನ ಫೋಟೋ ತೆಗೆಯಿರಿ. ಅಲರ್ಜಿ ವೈದ್ಯರಿಗೆ ಟೆಸ್ಟಿಗಿಂತ ಮೊದಲು ಬೇಕಾಗುವುದು ಈ ವಿವರವೇ. ಮನೆಯಲ್ಲಿ ‘ಸ್ವಲ್ಪ ತಿಂದು ನೋಡುವಾ’ ಪ್ರಯೋಗ ಬೇಡ.

ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ತಲೆ ತಿರುಗಿದರೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿ ಕಾಯಬೇಡಿ. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್. ತಕ್ಷಣ 108ಕ್ಕೆ ಫೋನ್ ಮಾಡಿ.