ನಿಮ್ಮ ಸಂಘದ ಕಥೆ ಹೇಳಬೇಕಾ? ಮೊದಲು ಸ್ಥಾಪನೆಯ ಇಸವಿ ಬಿಡಿ

ಮಂಡ್ಯದ ಹತ್ತಿರದ ಒಂದು ಊರಿನ ಡೈರಿಯ ವಾರ್ಷಿಕ ಸಭೆಗೆ ಒಮ್ಮೆ ಭಾಷಣ ಬರೆದುಕೊಟ್ಟಿದ್ದೆ. ಶುರುವಾದ ಇಸವಿ, ಸದಸ್ಯರ ಸಂಖ್ಯೆ, ಲಾಭ, ಬೋನಸ್, ಎಲ್ಲಾ ಸೇರಿ ಮೂರು ಪುಟ. ಎರಡನೇ ಪುಟ ತಿರುಗಿಸುವಷ್ಟರಲ್ಲಿ ಅರ್ಧ ಜನ ಉಪ್ಪಿಟ್ಟಿನ ಕಡೆ ಹೋಗಿದ್ದರು. ಆಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ, ಮೈಕ್ ಇಲ್ಲದೇನೇ, "ಅವತ್ತು ಮಳೇಲಿ ಹಾಲಿನ ಲಾರೀನೇ ಬರ್ನಿಲ್ಲ ಕಣಪ್ಪ" ಅಂತ ಶುರು ಮಾಡಿದರು. ತಟ್ಟೆ ಹಿಡಿದವರೂ ವಾಪಸ್ ಬಂದು ನಿಂತರು. ಕ್ಯಾನುಗಳನ್ನು ಎತ್ತಿನ ಗಾಡಿಗೆ ಹೇರಿ, ಹಾಲು ಒಡೆಯುವ ಮೊದಲು ಮೇನ್ ರೋಡಿಗೆ ಮುಟ್ಟಿಸಿದ ಕಥೆ. ನನ್ನ ಮೂರು ಪುಟದಲ್ಲಿ ಆ ಲಾರಿಯೇ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ, ಲಾರಿ ಬರದ ದಿನವನ್ನು ಹುಡುಕಿ. ಮೈಸೂರಿನ ಗಂಧದ ಎಣ್ಣೆಯದ್ದೂ ಹೀಗೇ ಅಲ್ವಾ? ಮೊದಲ ಮಹಾಯುದ್ಧ ಬಂತು, ಹೊರದೇಶಕ್ಕೆ ಹೋಗುತ್ತಿದ್ದ ಗಂಧದ ಮರ ಇಲ್ಲೇ ರಾಶಿ ಬಿತ್ತು, ಏನು ಮಾಡೋದು ಅಂತ ಯೋಚಿಸಿ 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಸಲು ಶುರು ಮಾಡಿತು, ಸೋಪು ಬಂದದ್ದು ಅದರ ಬೆನ್ನಿಗೇ. ಬರೀ 1916 ಅಂದರೆ ಯಾರಿಗೂ ನೆನಪಿರುವುದಿಲ್ಲ. ಕೊಳ್ಳುವವರಿಲ್ಲದೆ ಬಿದ್ದಿದ್ದ ಮರದ ರಾಶಿ ನೆನಪಿರುತ್ತದೆ.

ಹುಡುಕುವುದು ಹೇಗೆ? ಹಳಬರ ಹತ್ತಿರ ಹೋಗಿ, ಆದರೆ ಹಾಲು ಕರೆಯೋ ಹೊತ್ತಿಗೆ ಬೇಡ. "ನಿಮ್ಮ ಸಾಧನೆ ಏನು?" ಅಂತ ಕೇಳಿದರೆ "ಎಲ್ಲಾ ದೇವರ ದಯೆ" ಅಂದು ಸುಮ್ಮನಾಗುತ್ತಾರೆ. "ಸಾಕಪ್ಪಾ, ಬಾಗಿಲು ಹಾಕಿಬಿಡೋಣ ಅಂತ ಯಾವತ್ತು ಅನ್ನಿಸಿತ್ತು?" ಅಂತ ಕೇಳಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡಿರಬೇಕು, ಇದೇ ಕಷ್ಟದ ಭಾಗ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಗಾಡಿ ಯಾರದ್ದು, ಎಷ್ಟು ಗಂಟೆ, ಎಷ್ಟು ಕ್ಯಾನು, ಜೊತೆಗೆ ಯಾರು ಬಂದರು, ಯಾರು ಬರಲಿಲ್ಲ, ಇಂಥ ಸಣ್ಣಪುಟ್ಟದ್ದನ್ನು ಕೆದಕಿ ಕೇಳಿ. "ತುಂಬಾ ಶ್ರಮಪಟ್ಟರು" ಅಂತ ಮಾತ್ರ ಬರೆಯಬೇಡಿ.

ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಹತ್ತಿರ ಕೇಳಿ, ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿ. ಖಚಿತವಾಗದಿದ್ದರೆ "ಅಂತ ಹೇಳುತ್ತಾರೆ" ಎಂದು ಸೇರಿಸಿದರೆ ಆಯಿತು, ಕಥೆಯ ರುಚಿ ಕೆಡುವುದಿಲ್ಲ. ರೈಲು ಬಂದುಬಿಡುತ್ತೆ ಅಂತ ಗಡಿಬಿಡಿಯಲ್ಲಿ ಹಿಟ್ಟನ್ನು ತಟ್ಟಿ ಕರಿದದ್ದೇ ಮದ್ದೂರು ವಡೆ ಆಯಿತು ಅಂತ ಹೇಳುತ್ತಾರಲ್ಲ, ಹಾಗೆ.

ಇನ್ನು ಕೇಳುವವರನ್ನು ಕಥೆಯೊಳಗೆ ಎಳೆದುಕೊಳ್ಳಬೇಕು. ಮೈಸೂರಿನಲ್ಲಿ 1937ರಲ್ಲಿ ಶುರುವಾದ ಒಂದು ಬಣ್ಣದ ಕಾರ್ಖಾನೆ ಇದೆ ಅಂದರೆ "ಓ ಹೌದಾ" ಅಂತಾರೆ, ಅಷ್ಟೇ. ವೋಟು ಹಾಕಿದಾಗ ನಿಮ್ಮ ಬೆರಳಿಗೆ ಹಚ್ಚುತ್ತಾರಲ್ಲ, ಆ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ಅಲ್ಲಿಂದಲೇ ಬರುತ್ತಿದೆ ಅಂತ ಹೇಳಿ ನೋಡಿ, ತಮ್ಮ ಬೆರಳು ನೋಡಿಕೊಳ್ಳುತ್ತಾರೆ.

ಇದರಿಂದ ಏನು ಲಾಭ ಅಂತ ಕಾರ್ಯದರ್ಶಿಗಳು ಕೇಳಿಯೇ ಕೇಳುತ್ತಾರೆ. ಡೈರಿಗೆ ಹೊಸದಾಗಿ ಸೇರಿದ ಹುಡುಗನಿಗೆ ಎಷ್ಟು ಗಂಟೆಗೆ ಬೀಗ ತೆಗೆಯಬೇಕು, ಹಾಲಿನ ಡಿಗ್ರಿ ಹೇಗೆ ನೋಡಬೇಕು ಅಂತ ಯಾರಾದರೂ ಕಲಿಸಿಕೊಡುತ್ತಾರೆ. ಲಾರಿ ಬರದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಅನ್ನೋದು ಅಜ್ಜಿಯ ಕಥೆಯಲ್ಲಿ ಮಾತ್ರ ಇದೆ. ಕೆಲಸ ಹುಡುಕುವವರಿಗೂ ಇದೇ ಮಾತು: "ನಿಮ್ಮ ಬಗ್ಗೆ ಹೇಳಿ" ಅಂದಾಗ ಮಾರ್ಕ್ಸ್ ಒಪ್ಪಿಸಬೇಡಿ, ಕೆಟ್ಟುಹೋದ ಏನನ್ನಾದರೂ ಸರಿಮಾಡಿದ ಒಂದು ದಿನದ ಬಗ್ಗೆ ಹೇಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬಳು ಗಂಡನ ಕುಡಿತದ ಬಗ್ಗೆ ನಂಬಿ ಹೇಳಿದ್ದನ್ನು ದೇಣಿಗೆ ಪತ್ರಕ್ಕೆ ಹಾಕಬೇಡಿ. ಹೆಸರು ಬದಲಾಯಿಸಿದರೂ ಊರಿನವರಿಗೆ ಗೊತ್ತಾಗಿಬಿಡುತ್ತದೆ. ಬರೆದದ್ದನ್ನು ಆಕೆಗೇ ಓದಿ ಹೇಳಿ, ಬೇಡ ಅಂದರೆ ಹರಿದು ಹಾಕಿ.

ಕೊನೆಗೆ, ಸಭೆಗೆ ಮೊದಲು ಟೀ ಅಂಗಡಿಯಲ್ಲಿ ಒಮ್ಮೆ ಹೇಳಿ ನೋಡಿ. ಎರಡು ನಿಮಿಷ ಸಾಕು. ಮಧ್ಯದಲ್ಲಿ ಸುಮ್ನೆ ನಿಲ್ಲಿಸಿ, ಒಂದು ಗುಟುಕು ಟೀ ಕುಡಿಯಿರಿ. ಅಂಗಡಿಯವನು "ಆಮೇಲೆ?" ಅಂತ ಕೇಳದಿದ್ದರೆ ಮನೆಗೆ ಹೋಗಿ ಮತ್ತೆ ಬರೆಯಿರಿ.