ಟ್ರೈಲರ್ ಕಟ್ಟುವ ಮುನ್ನ ಭಾರದ ಲೆಕ್ಕ

ಕಾರು 1,600 ಕೆ.ಜಿ. ಎಳೆಯುತ್ತದೆ ಎಂದು ಕೈಪಿಡಿಯಲ್ಲಿದ್ದರೆ 1,300 ಕೆ.ಜಿ.ಯ ಟ್ರೈಲರ್ ಸಲೀಸು ಅನ್ನಿಸುತ್ತದೆ. ಆದರೆ ಎಷ್ಟೋ ಸಲ ಮೊದಲು ಮುಗಿಯುವುದು ಎಳೆಯುವ ಮಿತಿಯಲ್ಲ, ಕಾರಿನ ಪೇಲೋಡ್, ಅಂದರೆ ಕಾರು ತನ್ನ ಮೇಲೆ ಹೊರಬಲ್ಲ ಭಾರ. ಟ್ರೈಲರ್‌ನ ಮೂತಿ ಹಿಚ್ ಬಾಲ್ (ಟ್ರೈಲರ್ ಸಿಕ್ಕಿಸಲು ಕಾರಿನ ಹಿಂದಿರುವ ಗುಂಡು) ಮೇಲೆ ಊರುವ ಭಾರವನ್ನೂ, ಅಂದರೆ ಮೂತಿಭಾರವನ್ನೂ, ಕಾರೇ ಹೊರಬೇಕಲ್ಲ.

ಪೇಲೋಡ್ 450 ಕೆ.ಜಿ. ಎಂದಿಟ್ಟುಕೊಳ್ಳಿ. ಮೂತಿಭಾರ ಟ್ರೈಲರ್ ತೂಕದ ಶೇ. 12ರಂತೆ 156, ಹಿಚ್‌ನ ತೂಕ 25 ಕಳೆದರೆ ಉಳಿಯುವುದು 269. ತಲಾ 70 ಕೆ.ಜಿ.ಯ ನಾಲ್ವರು ಕೂತರೆ 280. ಒಂದು ಚೀಲವನ್ನೂ ಇಡದೆ ಮಿತಿ ದಾಟಿತು! (ಕೆಲವು ತಯಾರಕರು ಚಾಲಕನ 75 ಕೆ.ಜಿ.ಯನ್ನು ಕಾರಿನ ತೂಕಕ್ಕೇ ಸೇರಿಸಿರುತ್ತಾರೆ, ಕೈಪಿಡಿ ನೋಡಿ.) ಹಿಚ್ ಬಾಲ್‌ಗೂ ಬೇರೆ ಮಿತಿ ಇರುತ್ತದೆ. ಎಲ್ಲಕ್ಕಿಂತ ಕಡಿಮೆ ಇರುವ ಅಂಕಿಯೇ ನಿಮ್ಮ ಮಿತಿ.

ಕ್ಯಾಟಲಾಗ್‌ನಲ್ಲಿರುವ ಟ್ರೈಲರ್‌ನ ಖಾಲಿ ತೂಕ ನಂಬಬೇಡಿ. ನೀರು, ಗ್ಯಾಸ್, ಆಮೇಲೆ ಕೂಡಿಸಿದ ಏಸಿ ಅದರಲ್ಲಿ ಇರುವುದಿಲ್ಲ. 80 ಲೀಟರ್ ನೀರೆಂದರೆ 80 ಕೆ.ಜಿ. ಹೊರಡುವಾಗಿನಷ್ಟೇ ಸಾಮಾನು ತುಂಬಿ, ಎಲ್ಲರನ್ನೂ ಕೂರಿಸಿ ವಾಹನ ತೂಗುವ ವೇಬ್ರಿಡ್ಜ್‌ಗೆ ಹೋಗಿ. ಮೊದಲು ಕಾರನ್ನಷ್ಟೇ ತೂಗಿ. ಆಮೇಲೆ ಟ್ರೈಲರ್ ಕಟ್ಟಿ, ಕಾರಿನ ಚಕ್ರಗಳು ಮಾತ್ರ ತಟ್ಟೆಯ ಮೇಲಿರುವಂತೆ ನಿಲ್ಲಿಸಿ. ಹೆಚ್ಚಿದ ತೂಕವೇ ಮೂತಿಭಾರ. ಕೊನೆಗೆ ಟ್ರೈಲರ್ ಚಕ್ರಗಳನ್ನಷ್ಟೇ ತೂಗಿ ಮೂತಿಭಾರ ಕೂಡಿಸಿದರೆ ಟ್ರೈಲರ್‌ನ ಪೂರ್ತಿ ತೂಕ ಸಿಗುತ್ತದೆ. ಕಾರಿನ ಹಿಂದಿನ ಆಕ್ಸಲ್‌ನ ಭಾರವನ್ನೂ ಬೇರೆಯಾಗಿ ನೋಡಿ, ಮೂತಿ ಒತ್ತುವುದು ಅದನ್ನೇ.

ಮೂತಿಭಾರ ತೀರಾ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೈಲರ್ ಬಾಲ ಬೀಸತೊಡಗುತ್ತದೆ. ಹೆಚ್ಚಾದರೆ ಕಾರಿನ ಮುಂಭಾಗ ಏಳುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಸಾಮಾನು ಸರಿಸಿ ತಿದ್ದಿಕೊಳ್ಳಬಹುದು: ಹಿಚ್‌ನಿಂದ ಟ್ರೈಲರ್‌ನ ಆಕ್ಸಲ್‌ಗೆ 4 ಮೀಟರ್ ಇದ್ದಲ್ಲಿ, 20 ಕೆ.ಜಿ.ಯನ್ನು 2 ಮೀಟರ್ ಮುಂದಿಟ್ಟರೆ ಮೂತಿಭಾರ 10 ಕೆ.ಜಿ. ಏರುತ್ತದೆ. ಭಾರದ್ದನ್ನು ಆಕ್ಸಲ್ ಬಳಿ, ನೆಲಕ್ಕೇ ಇಡಿ. ಹಿಂಬದಿಗೆ ಸೈಕಲ್ ನೇತುಹಾಕುವುದು ಎಲ್ಲಕ್ಕಿಂತ ಕೆಟ್ಟ ಜಾಗ. ನೀರಿನ ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ತುಂಬಿದಷ್ಟೂ ಮೂತಿ ಹಗುರಾಗುತ್ತದೆ. ಭಾರ ಹಂಚುವ ಹಿಚ್ ಮುಂದಿನ ಚಕ್ರಗಳಿಗೆ ಒತ್ತಡ ಮರಳಿಸುತ್ತದೆ, ನಿಜ. ಆದರೆ ಕಾರಿನ ಮಿತಿಯನ್ನು ಅದು ಒಂದು ಕೆ.ಜಿ.ಯಷ್ಟೂ ಹೆಚ್ಚಿಸದು.

ಟೈರ್ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಿರಿ. ದಾರಿಯಲ್ಲಿ ಟ್ರೈಲರ್ ಓಲಾಡತೊಡಗಿದರೆ ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ನೇರ ಹಿಡಿಯಿರಿ, ಕಾರಿನ ಬ್ರೇಕನ್ನು ಜೋರಾಗಿ ತುಳಿಯಬೇಡಿ. ಟ್ರೈಲರ್‌ಗೆ ಕೈಯಿಂದ ಒತ್ತುವ ಬ್ರೇಕ್ ಕಂಟ್ರೋಲರ್ ಇದ್ದರೆ ಅದನ್ನಷ್ಟೇ ಮೆಲ್ಲಗೆ ಒತ್ತಿ. ನಿಂತ ಮೇಲೆ ಸಾಮಾನು ಸರಿಸದೆ ಮತ್ತೆ ಹೊರಡಬೇಡಿ.